ಸುಳ್ಳು ಬಿಲ್ಲಿಗೆ ಸಹಿ ಹಾಕದೆ ಕೆಲಸ ಕಳೆದುಕೊಂಡೆ. ಕ್ರೈಸ್ತರು ಇದನ್ನು ಹೇಗೆ ನೋಡುತ್ತಾರೆ?

ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ಕಥೆ ನೆನಪಾಯಿತು. ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಅಂಗಡಿಯೊಂದರಲ್ಲಿ ಒಂಬತ್ತು ವರ್ಷ ಗುಮಾಸ್ತನಾಗಿದ್ದೆ. ತೇವಾಂಶ ಶೇ 14ರೊಳಗಿದ್ದರೆ ಒಣಗಿದ ಮಾಲು ಅಂತ ಲೆಕ್ಕ. ಮೀಟರು 13 ತೋರಿಸಿದ ಮಾಲಿಗೆ 17 ಬರೆದು ತೂಕ ಮುರಿ ಅಂದರು ಸಾಹುಕಾರರು. ನಾನು ಬರೆಯಲಿಲ್ಲ. ಮರುವಾರ ನನ್ನ ಕುರ್ಚಿಯಲ್ಲಿ ಬೇರೆ ಹುಡುಗ ಕೂತಿದ್ದ.

ಆ ಭಾನುವಾರ ಚರ್ಚಿನಲ್ಲಿ ಹಿರಿಯರೊಬ್ಬರು, ನೀತಿಗೋಸ್ಕರ ಹಿಂಸೆಪಡುವವರು ಧನ್ಯರು ಅಂತ ಬೆನ್ನು ತಟ್ಟಿದರು. ಬೈಬಲಿನ ಮತ್ತಾಯ 5:10, ಯೇಸುಸ್ವಾಮಿಯ ಮಾತು. ಮಾತು ನಿಜವೇ. ಆದರೆ ಮಗಳ ಫೀಸು ಕಟ್ಟುವುದಿತ್ತು, ಧನ್ಯ ಅಂತ ಅನ್ನಿಸಲಿಲ್ಲ.

ನನಗೆ ಹಿಡಿಸಿದ್ದು ಬೈಬಲಿನಲ್ಲೇ ಇರುವ, ಯೇಸುವಿನ ಶಿಷ್ಯ ಪೇತ್ರನ ಮೊದಲ ಪತ್ರ. ಈಗಿನ ಟರ್ಕಿಯ ಪೊಂತ, ಗಲಾತ್ಯ, ಕಪ್ಪದೋಕ್ಯಗಳಲ್ಲಿ ಚದುರಿಹೋಗಿದ್ದ ವಿಶ್ವಾಸಿಗಳಿಗೆ ಬರೆದದ್ದು. ಒಳ್ಳೆಯದು ಮಾಡಿ ಬಾಧೆಪಟ್ಟರೆ ಅದು ದೇವರಿಗೆ ಮೆಚ್ಚಿಕೆ ಅನ್ನುತ್ತಾನೆ, ಆದರೆ ತಪ್ಪು ಮಾಡಿ ಪೆಟ್ಟು ತಿಂದರೆ ಅದರಲ್ಲೇನು ಹೆಚ್ಚುಗಾರಿಕೆ ಅಂತಲೂ ಕೇಳುತ್ತಾನೆ. ನಾಲ್ಕನೇ ಅಧ್ಯಾಯದಲ್ಲಂತೂ ಕೊಲೆಗಾರ, ಕಳ್ಳರ ಸಾಲಿನಲ್ಲೇ ಪರರ ವಿಷಯಕ್ಕೆ ತಲೆಹಾಕುವವನನ್ನೂ ಕೂರಿಸಿದ್ದಾನೆ! ಓದಿ ನಗು ಬಂತು, ಆಮೇಲೆ ಚುಚ್ಚಿತು. ಯಾಕೆಂದರೆ ಬರೆಯಲ್ಲ ಅಂದು ನಾನು ಸುಮ್ಮನಾಗಿರಲಿಲ್ಲ. ಹಮಾಲರೆಲ್ಲ ನೋಡುತ್ತಿದ್ದಂತೆ ಸಾಹುಕಾರರ ಅಪ್ಪನ ಕಾಲದ ವ್ಯವಹಾರವನ್ನೂ ಎತ್ತಿ ಆಡಿದ್ದೆ. ಕೆಲಸ ಹೋಗಿದ್ದರಲ್ಲಿ ನ್ಯಾಯದ ಪಾಲೆಷ್ಟು, ನನ್ನ ನಾಲಿಗೆಯ ಪಾಲೆಷ್ಟು? ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಮೇಲೆ ದೇವರ ಹೆಸರು ಬರೆಯುವುದಕ್ಕೆ ಮನಸ್ಸು ಬರಲಿಲ್ಲ.

ಹಾಗಂತ, ಬೈಬಲ್ ಹಿಡಿದು 'ಸಹಿಸಿಕೊಂಡು ಸುಮ್ಮನಿರಿ' ಅನ್ನುವವರ ಮಾತು ಕೇಳಬೇಡಿ. ಆ ಪತ್ರದ ಎರಡನೇ ಅಧ್ಯಾಯ ಹೇಳುತ್ತಿರುವುದು ಯಜಮಾನನ ಕೈಯಲ್ಲಿ ಏಟು ತಿನ್ನುತ್ತಿದ್ದ ಮನೆಯಾಳುಗಳಿಗೆ. ನಮಗೆ ಲೇಬರ್ ಆಫೀಸಾದರೂ ಇದೆ. ವಿಚಾರಣೆಯಲ್ಲಿ ಕಾವಲುಗಾರನೊಬ್ಬ ಕೆನ್ನೆಗೆ ಹೊಡೆದಾಗ ಯೇಸುಸ್ವಾಮಿ ತಿರುಗಿ ಹೊಡೆಯಲಿಲ್ಲ, ಆದರೆ ನಾನು ಸರಿಯಾಗಿ ಹೇಳಿದ್ದರೆ ಯಾಕೆ ಹೊಡೆಯುತ್ತೀ ಅಂತ ಕೇಳಿಯೇ ಕೇಳಿದರು. ಯೇಸುವಿನ ಸಂದೇಶ ಸಾರುತ್ತಿದ್ದ ಪೌಲನನ್ನು ಫಿಲಿಪ್ಪಿ ಪಟ್ಟಣದಲ್ಲಿ ವಿಚಾರಣೆಯಿಲ್ಲದೆ ಹೊಡೆದು ಜೈಲಿಗೆ ಹಾಕಿ, ಬೆಳಿಗ್ಗೆ ಗುಟ್ಟಾಗಿ ಹೊರಡು ಅಂದಾಗ, ಅಧಿಕಾರಿಗಳೇ ಬಂದು ಕರೆದುಕೊಂಡು ಹೋಗಲಿ ಅಂತ ಪಟ್ಟು ಹಿಡಿದ.

ನಿಮ್ಮ ಬಾಕಿ ಸಂಬಳವನ್ನು ಬರವಣಿಗೆಯಲ್ಲಿ ಕೇಳಿ. ನಾನು ಕೇಳಿದೆ, ಎರಡು ತಿಂಗಳದ್ದು ಬಂತು, ಬೈಗುಳದ ಜೊತೆಗೆ. ಅಪ್ಪನ ವಿಷಯ ಎತ್ತಿದ್ದಕ್ಕೆ ಕ್ಷಮೆ ಕೇಳಿದೆ. ಮೀಟರಿನ ವಿಷಯಕ್ಕೆ ಕೇಳಲಿಲ್ಲ.

ಈಗ ಮಂಡಕ್ಕಿ ಭಟ್ಟಿಯೊಂದರ ಲೆಕ್ಕ ಬರೆಯುತ್ತೇನೆ, ಸಂಬಳ ಕಡಿಮೆ. ಆ ಜೋಳದ ರೈತ ಈಗಲೂ ಅದೇ ಅಂಗಡಿಗೇ ಮಾಲು ಹಾಕುತ್ತಾರೆ. ಬಿತ್ತನೆಗೆ ಅಲ್ಲೇ ಮುಂಗಡ ತಗೊಂಡಿದ್ದಾರಲ್ಲ.