ಡಿಸ್ಕ್ ಖಾಲಿ ಇದ್ದರೂ ‘ಜಾಗವಿಲ್ಲ’: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ.

ಲಿನಕ್ಸ್ ಡೆಸ್ಕ್‌ಟಾಪ್‌ನ ಹುಡುಕಾಟದ ಇಂಡೆಕ್ಸಿಂಗ್‌ನಿಂದ ಬರುವ ವಾಚ್ (ಫೈಲು, ಫೋಲ್ಡರುಗಳ ಬದಲಾವಣೆ ತಿಳಿಸಲು ಲಿನಕ್ಸ್‌ನ ತಿರುಳಾದ ಕರ್ನಲ್ ಇಡುವ ಕಾವಲು) ಮಿತಿಯ ದೋಷ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಿಕೊಳ್ಳಲಾಗದು. ತಿದ್ದಿ ಕಳಿಸಿದರೆ ಖಂಡಿತ ಓದುತ್ತೇನೆ.

ಮೊದಲ ಎರಡು ಪ್ಯಾರಾ ಕಿತ್ತುಹಾಕಿ. ‘ಇಂದಿನ ಡಿಜಿಟಲ್ ಯುಗದಲ್ಲಿ’ ಎಂದು ಶುರುವಾದ ಲೇಖನಗಳು ನನ್ನ ಮೇಜಿನ ಮೇಲೆ ಸಾಕಷ್ಟಿವೆ. ನಿಮ್ಮ ನಿಜವಾದ ಆರಂಭ ಮೂರನೇ ಪುಟದಲ್ಲಿ ಅಡಗಿ ಕೂತಿದೆ: ಡಿಸ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಇದ್ದರೂ ಕೋಡ್ ಎಡಿಟರ್ ‘ಡಿವೈಸಿನಲ್ಲಿ ಜಾಗವಿಲ್ಲ’ ಎಂದದ್ದು. ನಾನೂ ಒಮ್ಮೆ ಈ ಮಾತು ನಂಬಿ ಮನೆಯ ಹಳೇ ವಿಡಿಯೊಗಳನ್ನು ಅಳಿಸಿ ಕೂತವನು. ಮುಗಿದದ್ದು ಡಿಸ್ಕಿನ ಜಾಗವಲ್ಲ, ವಾಚ್‌ಗಳ ಕೋಟಾ. ಎರಡಕ್ಕೂ ಕರ್ನಲ್ ಒಂದೇ ದೋಷಸಂಕೇತ ಕೊಡುತ್ತದೆ, ಇಎನ್‌ಒಎಸ್‌ಪಿಸಿ. ಓದುಗ ಎಡವುವುದೇ ಇಲ್ಲಿ, ನೀವೋ ಅರ್ಧ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ.

ಇನ್ನು ತಪ್ಪು. ‘ಲಕ್ಷ ಫೈಲುಗಳಿದ್ದರೆ ಲಕ್ಷ ವಾಚ್ ಬೇಕು’ ಎಂದಿದ್ದೀರಿ. ಕೆಡಿಇ ಡೆಸ್ಕ್‌ಟಾಪ್‌ನ ಹುಡುಕಾಟಕ್ಕೆ ಇಂಡೆಕ್ಸ್ ಮಾಡುವ ಬಾಲೂ ಲೆಕ್ಕ ಹಿಡಿಯುವುದು ಫೋಲ್ಡರುಗಳನ್ನು. 2005ರಲ್ಲಿ 2.6.13ನೇ ಕರ್ನಲ್‌ಗೆ ಸೇರಿದ, ಈ ವಾಚ್‌ಗಳನ್ನು ನಡೆಸುವ ಐನೋಟಿಫೈ ಒಂದು ಫೋಲ್ಡರನ್ನು ಕಾದರೆ ಅದರೊಳಗಿನ ಫೈಲುಗಳ ಬದಲಾವಣೆಯೆಲ್ಲ ತಿಳಿಯುತ್ತದೆ, ಆದರೆ ಒಳಗಿನ ಫೋಲ್ಡರಿನೊಳಗೆ ಏನಾಯಿತೆಂದು ತಿಳಿಯದು. ನಡುಮನೆಯ ಕಾವಲುಗಾರನಿಗೆ ಅಡುಗೆಮನೆ ಕಾಣದ ಹಾಗೆ. ಕೋಣೆಗೊಬ್ಬ ಬೇಕು. ಹಾಗಾಗಿ ಎರಡು ಗಂಟೆಯ ನಾಲ್ಕು ಸಿನಿಮಾ ಇಟ್ಟವನಿಗೆ ತೊಂದರೆಯಿಲ್ಲ, ಹತ್ತು ವರ್ಷದ ಬ್ಯಾಕಪ್‌ಗಳನ್ನು ಹೋಮ್‌ನಲ್ಲೇ ಬಿಚ್ಚಿಟ್ಟವನಿಗೆ ತೊಂದರೆ.

ಇನ್ನೊಂದು ಬಿಟ್ಟುಹೋಗಿದೆ: ಮಿತಿ ಇರುವುದು ಬಳಕೆದಾರನಿಗೆ, ಪ್ರೋಗ್ರಾಮಿಗಲ್ಲ. ಬಾಲೂ ಸದ್ದಿಲ್ಲದೆ ಕೋಟಾ ತಿಂದು ಮುಗಿಸುತ್ತದೆ, ಆಮೇಲೆ ಬಂದ ಎಡಿಟರ್ ಕೂಗುತ್ತದೆ. ಅಳುತ್ತಿರುವವನನ್ನೇ ನೀವು ಕಳ್ಳನೆಂದು ಹಿಡಿದಿದ್ದೀರಿ. ನಿಜವಾಗಿ ಯಾರೆಂದು ನೋಡುವುದು ಸುಲಭ. ಕರ್ನಲ್ ತನ್ನ ಒಳಮಾಹಿತಿ ತೋರಿಸುವ ಫೋಲ್ಡರಾದ ಪ್ರಾಕ್‌ನಡಿ ಆಯಾ ಪ್ರೋಗ್ರಾಮಿನ ತೆರೆದ ಫೈಲುಗಳ ವಿವರವಿರುವ ಎಫ್‌ಡಿ‌ಇನ್ಫೊದಲ್ಲಿ ‘ಐನೋಟಿಫೈ’ ಎಂದು ಶುರುವಾಗುವ ಸಾಲುಗಳನ್ನು ಎಣಿಸಿದರಾಯಿತು; ಸಾಲಿಗೊಂದು ವಾಚ್. ಈ ಎಣಿಕೆ ನಿಮ್ಮ ಗಣಕದಲ್ಲಿ ಎಷ್ಟು ಬಂತು? ಆ ಅಂಕಿ ಲೇಖನದಲ್ಲಿ ಬೇಕು.

ಪರಿಹಾರದ ಭಾಗ ಸರಿಯಿದೆ. ಕರ್ನಲ್ ಸೆಟ್ಟಿಂಗುಗಳನ್ನು ಇಡುವ ಎಟಿಸಿಯ ಸಿಸ್‌ಸಿಟಿಎಲ್-ಡಿ ಫೋಲ್ಡರಿನಲ್ಲಿ ಫೈಲಿಟ್ಟು ವಾಚ್ ಮಿತಿಯಾದ ಮ್ಯಾಕ್ಸ್ ಯೂಸರ್ ವಾಚಸ್ ಅನ್ನು 5,24,288ಕ್ಕೆ ಏರಿಸುವುದು ಎಲ್ಲರೂ ಮಾಡುವುದೇ. ಪ್ರಾಕ್‌ನಲ್ಲಿ ನೇರ ಬರೆದರೆ ರೀಬೂಟ್ ಆದೊಡನೆ ಹೋಗುತ್ತದೆಂದು ಹೇಳಿದ್ದೂ ಒಳ್ಳೆಯದಾಯಿತು. ಆದರೆ ‘ಎಷ್ಟು ಏರಿಸಿದರೂ ನಷ್ಟವಿಲ್ಲ’ ಎಂಬುದು ಅರ್ಧ ಸತ್ಯ. ಅಂಕಿ ಏರಿಸುವುದಕ್ಕೆ ಖರ್ಚಿಲ್ಲ, ಬಳಸುವುದಕ್ಕೆ ಇದೆ. 64 ಬಿಟ್ ಯಂತ್ರದಲ್ಲಿ ಒಂದು ವಾಚ್‌ಗೆ ಸುಮಾರು ಒಂದು ಕೆಬಿ, ಅದೂ ಸ್ವಾಪ್ ಆಗದ, ಅಂದರೆ ಡಿಸ್ಕಿಗೆ ಸರಿಸಲಾಗದ ಕರ್ನಲ್ ಮೆಮೊರಿ. ಅಷ್ಟೂ ತುಂಬಿದರೆ ಅರ್ಧ ಜಿಬಿ ದಾಟುತ್ತದೆ. ನಾಲ್ಕು ಜಿಬಿಯ ಹಳೇ ಲ್ಯಾಪ್‌ಟಾಪ್ ಇರುವ ಓದುಗನನ್ನು ಮರೆಯಬೇಡಿ.

ತಾನಾಗಿ ಇರುವ ವಾಚ್ ಮಿತಿ 8,192 ಎಂಬ ಅಂಕಿಯನ್ನು ಈಗಿನದೆಂಬಂತೆ ಕೊಟ್ಟಿದ್ದೀರಿ. 2021ರ 5.11ನೇ ಕರ್ನಲ್‌ನಿಂದ ಈಚೆಗೆ ಅದು ಕನಿಷ್ಠ ಮಾತ್ರ, ಮೆಮೊರಿಯ ಶೇ. 1ರ ಲೆಕ್ಕದಲ್ಲಿ 10,48,576ರವರೆಗೆ ತಾನೇ ಏರುತ್ತದೆ. ಹೊಸ ಯಂತ್ರದಲ್ಲೂ ದೋಷ ಬಂತೆಂದರೆ, ಅಂಕಿ ಏರಿಸುವ ಮೊದಲು ಬ್ಯಾಕಪ್ ಫೋಲ್ಡರನ್ನು ಫೈಲ್ ಸರ್ಚ್ ಸೆಟ್ಟಿಂಗ್‌ನಲ್ಲಿ ಹೊರಗಿಡಿ ಎಂದು ಬರೆಯಿರಿ. ನನಗೆ ತೊಂದರೆ ಬಗೆಹರಿದದ್ದು ಅದರಲ್ಲೇ.

ಕೊನೆಗೆ ಭಾಷೆ. ‘ಕಡತ ವೀಕ್ಷಣಾ ಪರಿಮಿತಿ’ ಎಂದು ಹನ್ನೊಂದು ಕಡೆ ಬರೆದಿದ್ದೀರಿ. ಆ ಮಾತು ನಿಮ್ಮ ಬಾಯಲ್ಲಿ ಎಂದಾದರೂ ಬಂದದ್ದುಂಟೆ? ‘ವಾಚ್ ಮಿತಿ’ ಸಾಕು. ಎಂಟು ಪುಟವನ್ನು ಮೂರಕ್ಕೆ ಇಳಿಸಿ, ಎಣಿಕೆಯ ಅಂಕಿಯೊಂದಿಗೆ ಕಳಿಸಿ.