ದೂರವಾಣಿಯಲ್ಲಿ ಕೇಳುವ ‘ಅಣ್ಣಾ’

ಹೆಸರು, ವಯಸ್ಸು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಪದ್ಮ ಎಂದು ಕರೆಯೋಣ. ವಯಸ್ಸು ಮೂವತ್ತರ ಆಸುಪಾಸು, ಹಾಸನದಲ್ಲಿ ಹೂವಿನ ವ್ಯಾಪಾರ. ಲಿಂಗತ್ವ ಅಲ್ಪಸಂಖ್ಯಾತ ಮಹಿಳೆ. ಈಸ್ಟ್ರೋಜೆನ್ (ಹೆಣ್ಣು ಹಾರ್ಮೋನ್) ಚಿಕಿತ್ಸೆ ಶುರುವಾಗಿ ನಾಲ್ಕು ವರ್ಷವಾಗಿತ್ತು.

ನನ್ನ ಬಳಿ ಸಲಹೆಗೆ ಬಂದ ಮೊದಲ ದಿನ ಅವರು ಬಾಯಿ ಬಿಡಲಿಲ್ಲ. ಮೊಬೈಲಿನಲ್ಲಿ ಬರೆದು ನನ್ನ ಮುಂದೆ ಹಿಡಿದರು: ‘ಗಂಟಲಿನ ಆಪರೇಷನ್ ಮಾಡಿಸ್ಕೋಬೇಕು ಮೇಡಂ. ಹಾಸನಾಂಬೆ ಬಾಗಿಲು ತೆಗೆಯೋದ್ರೊಳಗೆ.’ ವರ್ಷಕ್ಕೊಮ್ಮೆ ಆ ದೇಗುಲ ತೆರೆಯುವ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರಕ್ಕೆ ಆಗ ಎರಡು ತಿಂಗಳಷ್ಟೇ ಉಳಿದಿತ್ತು. ಚೀಟಿ ಎತ್ತಿದ ದುಡ್ಡು ಕೈಯಲ್ಲಿತ್ತು.

ಎರಡನೇ ಭೇಟಿಯಲ್ಲಿ ಮಾತು ಬಂತು, ಆದರೆ ಬರೀ ಪಿಸುದನಿಯಲ್ಲಿ. ಅಂಗಡಿಗೆ ಬರುವವರೆಲ್ಲ ‘ಪದ್ಮಕ್ಕ’ ಅನ್ನುತ್ತಾರಂತೆ. ಕಷ್ಟವೆಲ್ಲ ಫೋನಿನಲ್ಲಿ. ಮದುವೆ ಹಾರದ ಆರ್ಡರಿಗೆ ಗೊತ್ತಿಲ್ಲದವರು ಕರೆ ಮಾಡುತ್ತಾರೆ, ಇವರು ‘ಹಲೋ’ ಅಂದ ತಕ್ಷಣ ಆ ಕಡೆಯಿಂದ ‘ಅಣ್ಣಾ’. ಇವರು ಫೋನ್ ಇಡುತ್ತಾರೆ, ಆರ್ಡರೂ ಹೋಗುತ್ತದೆ. ಗುರುತಿಲ್ಲದವರನ್ನೂ ನಂಟಿನ ಪದ ಹಚ್ಚಿ ಮಾತಾಡಿಸುವುದು ನಮ್ಮ ರೂಢಿ. ಅಣ್ಣನೋ ಅಕ್ಕನೋ ಎಂಬ ತೀರ್ಮಾನ ದನಿ ಕಿವಿಗೆ ಬಿದ್ದ ಕ್ಷಣದಲ್ಲೇ ಆಗಿಹೋಗುತ್ತದೆ. ಆ ಒಂದು ಪದ ದಿನಕ್ಕೆ ಹತ್ತು ಸಲ ಬಡಿದರೆ ಮನುಷ್ಯರು ಮೂಕರಾಗುತ್ತಾರೆ ಎಂಬುದನ್ನು ಪದ್ಮ ಅವರಲ್ಲಿ ಕಂಡೆ.

‘ಮಾತ್ರೆ ತಗೊಂಡ್ರೂ ದನಿ ಯಾಕೆ ಬದಲಾಗ್ಲಿಲ್ಲ?’ ಎಂದು ಕೇಳಿದರು. ಹದಿಹರೆಯದಲ್ಲಿ ಗಂಡು ಹಾರ್ಮೋನ್ ಟೆಸ್ಟೊಸ್ಟೆರಾನ್‌ನಿಂದ ದಪ್ಪಗಾಗಿ ಉದ್ದವಾದ ಧ್ವನಿತಂತುಗಳನ್ನು ಈಸ್ಟ್ರೋಜೆನ್ ಮತ್ತೆ ತೆಳುವಾಗಿಸುವುದಿಲ್ಲ. ಅದು ಅವರ ತಪ್ಪೂ ಅಲ್ಲ, ಡೋಸಿನ ಕೊರತೆಯೂ ಅಲ್ಲ. ಇದನ್ನು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಶಸ್ತ್ರಚಿಕಿತ್ಸೆಯ ಬಗ್ಗೆ ಇಎನ್‌ಟಿ ತಜ್ಞರಿಂದ ತಿಳಿದದ್ದನ್ನು ಕಾಗದದ ಮೇಲೆ ಗೀಚಿ ತೋರಿಸಿದೆ. ಈಗ ಹೆಚ್ಚು ಬಳಕೆಯಲ್ಲಿರುವುದು ವೆಂಡ್ಲರ್ ಗ್ಲಾಟೋಪ್ಲಾಸ್ಟಿ. ಬಾಯಿಯ ಮೂಲಕವೇ ಒಳಹೋಗಿ, ಎರಡು ಧ್ವನಿತಂತುಗಳ ಮುಂಭಾಗವನ್ನು ಸೇರಿಸಿ ಹೊಲಿಯುತ್ತಾರೆ. ಕಂಪಿಸುವ ಉದ್ದ ಕಡಿಮೆಯಾಗಿ ಶ್ರುತಿ ಏರುತ್ತದೆ, ಹೊರಗೆ ಗಾಯದ ಗುರುತು ಇರುವುದಿಲ್ಲ. ಜಪಾನಿನ ವೈದ್ಯ ಇಶ್ಶಿಕಿ 1974ರಲ್ಲಿ ವಿವರಿಸಿದ ಇನ್ನೊಂದು ವಿಧಾನದಲ್ಲಿ ಕತ್ತಿನ ಮುಂದೆ ಕೊಯ್ದು ಮೃದ್ವಸ್ಥಿಗಳನ್ನು ಹತ್ತಿರ ಎಳೆದು ತಂತುಗಳನ್ನು ಬಿಗಿ ಮಾಡುತ್ತಾರೆ. ಕೆಲವರಲ್ಲಿ ಆ ಬಿಗಿ ಕಾಲಕ್ರಮೇಣ ಸಡಿಲಾಗುತ್ತದೆ.

ಗ್ಲಾಟೋಪ್ಲಾಸ್ಟಿ ಆದ ಮೇಲೆ ಒಂದೆರಡು ವಾರ ಮೌನ. ಆಮೇಲೆ ತಿಂಗಳುಗಟ್ಟಲೆ ದನಿ ಒಡಕಾಗಿರಬಹುದು. ಜೋರಾಗಿ ಕೂಗುವ ಶಕ್ತಿ ಕುಗ್ಗಬಹುದು, ಅದು ಪೂರ್ತಿ ಮರಳದೆಯೂ ಇರಬಹುದು. ಇಲ್ಲಿ ನಾನು ಮಾತು ನಿಲ್ಲಿಸಿ, ‘ಮಾರ್ಕೆಟ್ಟಿನಲ್ಲಿ ಹೇಗೆ ಕೂಗ್ತೀರಿ?’ ಎಂದು ಕೇಳಿದೆ. ಅವರು ಮರೆತು ಕೂಗಿಯೇಬಿಟ್ಟರು: ‘ಮಲ್ಲಿಗೆ ಮೊಳ ಇಪ್ಪತ್ತೂ!’ ಪಕ್ಕದ ಕೋಣೆಯವರು ಇಣುಕಿದರು. ವರ್ಷದ ವ್ಯಾಪಾರವೆಲ್ಲ ನೆಚ್ಚಿಕೊಂಡಿದ್ದ ಹಾಸನಾಂಬೆಯ ಹಬ್ಬಕ್ಕೆ ಬೇಕಾದ ದನಿ ಅದೇ.

ನನ್ನ ಸಲಹೆ ‘ಬೇಡ’ ಎಂದಾಗಿರಲಿಲ್ಲ. ಅವರ ದೇಹದ ನಿರ್ಧಾರ ಅವರದು. ಮೊದಲು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋಗಿ ಧ್ವನಿ ಪರೀಕ್ಷೆ ಮಾಡಿಸಿ ಎಂದೆ. ಸಾಮಾನ್ಯವಾಗಿ ಗಂಡಸರ ಮಾತಿನ ಶ್ರುತಿ 100ರಿಂದ 130 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ), ಹೆಂಗಸರದು 180ರಿಂದ 220. ಆದರೆ ಕೇಳುವ ಕಿವಿ ಶ್ರುತಿಯೊಂದನ್ನೇ ಅಳೆಯುವುದಿಲ್ಲ. ದನಿ ಬಾಯೊಳಗೆ ಎಲ್ಲಿ ಮೊಳಗುತ್ತದೆ, ವಾಕ್ಯದ ಕೊನೆ ಹೇಗೆ ಏರಿಳಿಯುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹೊಲಿಗೆ ಅದನ್ನು ಬದಲಿಸಲಾರದು, ತರಬೇತಿ ಬದಲಿಸುತ್ತದೆ. ಆಪರೇಷನ್ ಆದವರಿಗೂ ಆ ತರಬೇತಿ ತಪ್ಪಿದ್ದಲ್ಲ. ಪಿಸುದನಿಯನ್ನು ಅಂದೇ ಬಿಡಲು ಹೇಳಿದೆ, ಅದರಿಂದ ಗಂಟಲು ಇನ್ನಷ್ಟು ದಣಿಯಬಹುದು. ಫೋನ್ ಎತ್ತಿದ ಕೂಡಲೇ ‘ಹಲೋ’ ಬದಲು ‘ಹೂವಿನ ಪದ್ಮಕ್ಕ ಮಾತಾಡ್ತಿದ್ದೀನಿ’ ಅನ್ನಿ ಎಂದೂ ಹೇಳಿದೆ.

ತಾಯಿ ಮೂರನೇ ಭೇಟಿಗೆ ಬಂದರು. ಸೀರೆ, ಹೆಸರು ಎಲ್ಲವನ್ನೂ ನಿಧಾನಕ್ಕೆ ಒಪ್ಪಿಕೊಂಡಿದ್ದ ಹೆಂಗಸು ಇದೊಂದಕ್ಕೆ ಅಡ್ಡ ನಿಂತಿದ್ದರು. ‘ಕತ್ತಲಲ್ಲಿ ಅವ್ವಾ ಅಂದ್ರೆ ನನಗೆ ಗುರುತು ಹತ್ತೋದು ಆ ದನಿನೇ. ಅದೂ ಹೋಗ್ಬಿಟ್ರೆ?’ ಈಗಿನ ದನಿಯನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ತಾಯಿ ಹಿಡಿದಿಡಲು ಬಯಸಿದ್ದನ್ನೇ ಮಗಳು ಕಳೆದುಕೊಳ್ಳಲು ಹಂಬಲಿಸುತ್ತಿದ್ದರು. ‘ಬೇಡ ಅನ್ನಬೇಡಿ, ಭಯ ಆಗ್ತಿದೆ ಅನ್ನಿ’ ಎಂದಷ್ಟೇ ಕೇಳಿಕೊಂಡೆ. ಅವರು ಮಗಳ ಕಡೆ ತಿರುಗಿ ಹಾಗೇ ಅಂದರು. ಇಬ್ಬರೂ ಅತ್ತರು.

ಐದು ತಿಂಗಳಿಂದ ಪದ್ಮ ಹದಿನೈದು ದಿನಕ್ಕೊಮ್ಮೆ ಮೈಸೂರಿನ ಬಸ್ಸು ಹತ್ತುತ್ತಿದ್ದಾರೆ. ಹಾಸನಾಂಬೆಯ ದಿನಗಳಲ್ಲಿ ಹಳೆಯ ದನಿಯಲ್ಲೇ ಕೂಗಿ ಹೂವು ಮಾರಿದರು. ಫೋನಿನಲ್ಲಿ ‘ಅಣ್ಣಾ’ ಕಡಿಮೆಯಾಗಿದೆ, ನಿಂತಿಲ್ಲ. ಆಪರೇಷನ್ ಆಸೆಯನ್ನೂ ಬಿಟ್ಟಿಲ್ಲ. ಲಗ್ನಗಳಿಲ್ಲದ ಆಷಾಢಕ್ಕೆ ಇಟ್ಟುಕೊಂಡಿದ್ದಾರೆ. ಮಾತಾಡಬಾರದ ಆ ವಾರಗಳಲ್ಲಿ ಅಂಗಡಿಯಲ್ಲಿ ಯಾರು ಕೂಗುತ್ತಾರೆ ಎಂದು ಕೇಳಿದೆ.

‘ನಾನಿದ್ದೀನಲ್ಲ ಮೇಡಂ’ ಅಂದರು ತಾಯಿ.