ಗುರಿ ಇಟ್ಟವರು ಅಳತೆಗೋಲನ್ನೂ ಇಡಬೇಕು

ಎಲ್ಲ ದೇಶಗಳೂ ಸೇರಿ ಇಂಟರ್‌ನೆಟ್ ಮತ್ತು ಫೋನ್ ವಿಸ್ತರಣೆಗೆ ಇಟ್ಟುಕೊಳ್ಳುವ ಗುರಿಗಳ ಬಗ್ಗೆ ಈ ಸಲ ಜಾಸ್ತಿ ಪತ್ರಗಳು ಬಂದಿವೆ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಇಷ್ಟನೇ ಇಸವಿಯೊಳಗೆ ಇಷ್ಟು ಜನರಿಗೆ ಇಂಟರ್‌ನೆಟ್ ಎಂದು ದೊಡ್ಡ ಸಭೆಗಳಲ್ಲಿ ಗುರಿ ಇಡುತ್ತಾರೆ. ಮುಟ್ಟದಿದ್ದರೆ ಯಾವ ದೇಶಕ್ಕೂ ದಂಡ ಇಲ್ಲ. ಹಾಗಾದರೆ ಇದು ಸುಮ್ನೆ ಕಾಗದದ ಮಾತು ಅಲ್ವಾ? (ಪದವಿ ವಿದ್ಯಾರ್ಥಿ)

ಉತ್ತರ: ದಂಡ ಇಲ್ಲ, ನಿಜ. ಆದರೆ ಗುರಿ ಇಟ್ಟ ಮೇಲೆ ಎಣಿಸಲೇಬೇಕಾಗುತ್ತದೆ. ಎಣಿಸಿದಾಗ ಯಾರು ಹೊರಗುಳಿದಿದ್ದಾರೆ ಅನ್ನುವುದು ಕಣ್ಣಿಗೆ ಬೀಳುತ್ತದೆ. ನನಗೆ ಇದೇ ಮುಖ್ಯ.

1985ರ ಕಥೆ ಹೇಳುತ್ತೇನೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, ಡೊನಾಲ್ಡ್ ಮೇಟ್‌ಲ್ಯಾಂಡ್ ಅವರ ನೇತೃತ್ವದಲ್ಲಿ ಒಂದು ಆಯೋಗ ಮಾಡಿತ್ತು. ಮುಂದಿನ ಶತಮಾನದ ಆರಂಭಕ್ಕೆ ಹೆಚ್ಚುಕಡಿಮೆ ಎಲ್ಲರಿಗೂ ಕೈಗೆಟುಕುವಷ್ಟು ಹತ್ತಿರ ಒಂದು ಫೋನ್ ಇರಬೇಕು ಎಂದು ಅದು ಹೇಳಿತು. ಆಗ ಜಗತ್ತಿನಲ್ಲಿ ಇದ್ದದ್ದು ಸುಮಾರು 60 ಕೋಟಿ ಫೋನ್. ಅದರಲ್ಲಿ ಮುಕ್ಕಾಲು ಪಾಲು ಬರೀ ಒಂಬತ್ತು ಶ್ರೀಮಂತ ದೇಶಗಳಲ್ಲಿತ್ತು. ಇಂಥ ಲೆಕ್ಕ ಎದುರಿಗಿಟ್ಟರೆ ಯಾರು ಅಲ್ಲಗಳೆಯುತ್ತಾರೆ?

2003ರಲ್ಲಿ ಜಿನೀವಾದಲ್ಲಿ ಮಾಹಿತಿ ಸಮಾಜದ ವಿಶ್ವ ಶೃಂಗಸಭೆ ನಡೆಯಿತು. 2015ರೊಳಗೆ ಮುಟ್ಟಲು ಹತ್ತು ಗುರಿಗಳನ್ನು ಇಟ್ಟರು. ಹಳ್ಳಿ, ಶಾಲೆ, ಗ್ರಂಥಾಲಯ, ಆಸ್ಪತ್ರೆಗಳಿಗೆ ಸಂಪರ್ಕ ಕೊಡಬೇಕು. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಜನರ ಕೈಗೆ ಈ ತಂತ್ರಜ್ಞಾನ ಎಟುಕಬೇಕು. ಒಳ್ಳೆಯ ಮಾತುಗಳೇ. ಆದರೆ 'ಎಟುಕುವುದು' ಅಂದರೆ ಏನು? ಮನೆಯಲ್ಲಿ ಫೋನ್ ಇದ್ದರೆ ಸಾಕೇ, ಊರಿನಲ್ಲಿ ಒಂದು ಕಂಪ್ಯೂಟರ್ ಕೇಂದ್ರ ಇದ್ದರೂ ನಡೆಯುತ್ತದೆಯೇ? ಅದನ್ನು ಬರೆದಿರಲಿಲ್ಲ. ಪ್ರತಿ ಗುರಿಗೂ ಇದನ್ನು ಹೀಗೆ ಅಳೆಯೋಣ ಎಂದು ಐಟಿಯು ಸೂಚಿಸುವ ಹೊತ್ತಿಗೆ 2010 ಬಂದಿತ್ತು. ಅರ್ಧಕ್ಕಿಂತ ಜಾಸ್ತಿ ಕಾಲ ಕಳೆದೇಹೋಗಿತ್ತು. ಇದು ನನಗೆ ಈಗಲೂ ಬೇಸರದ ವಿಷಯ.

2014ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ಐಟಿಯು ಸದಸ್ಯ ದೇಶಗಳು ಈ ತಪ್ಪು ಮಾಡಲಿಲ್ಲ. 2020ರೊಳಗೆ ಜಗತ್ತಿನ ಶೇ. 55ರಷ್ಟು ಮನೆಗಳಿಗೆ ಇಂಟರ್‌ನೆಟ್ ಇರಬೇಕು, ಶೇ. 60ರಷ್ಟು ಜನ ಅದನ್ನು ಬಳಸುತ್ತಿರಬೇಕು ಎಂದು ಬರೆದರು. ಅತಿ ಹಿಂದುಳಿದ ದೇಶಗಳಿಗೆ ಬೇರೆಯೇ ಗುರಿ ಇಟ್ಟರು: ಮನೆಗಳು ಶೇ. 15, ಜನ ಶೇ. 20. ಯಾಕೆ ಬೇರೆ? ಒಂದೇ ಸರಾಸರಿ ಇಟ್ಟರೆ ಮುಂದೆ ಓಡುತ್ತಿರುವ ದೇಶಗಳೇ ಅದನ್ನು ಮುಟ್ಟಿಸಿಬಿಡುತ್ತವೆ. ಹಿಂದುಳಿದವರು ಅದರೊಳಗೆ ಕಾಣೆಯಾಗುತ್ತಾರೆ.

2020ಕ್ಕೆ ಬಳಕೆದಾರರ ಅಂಕಿ 60ರ ಹತ್ತಿರ ಬಂತು. ಅದು ಗುರಿಯಿಂದಲೇ ಆಯಿತು ಅನ್ನಲಾರೆ. ಕೋವಿಡ್ ಬಂದು ಪಾಠ, ಕೆಲಸ ಎಲ್ಲ ಪರದೆಯ ಮೇಲೆ ಹೋದ ವರ್ಷ ಅದು. ಆದರೆ ಯಾವುದೇ ದೇಶದ ಅಧಿಕಾರಿ ಹಣ ಕೇಳುವಾಗ, ಪತ್ರಕರ್ತರು ಮಂತ್ರಿಯನ್ನು ಪ್ರಶ್ನಿಸುವಾಗ, 'ನೀವೇ ಒಪ್ಪಿದ ಅಂಕಿ ಇದು' ಅನ್ನಬಹುದು. ದಂಡ ಇಲ್ಲದ ಕಡೆ ಆ ಮಾತಿಗೆ ತೂಕ ಇದೆ.

ಪ್ರಶ್ನೆ: ಈ ಗುರಿಗಳನ್ನು ನಿರ್ಧರಿಸುವವರು ಯಾರು? ಕಂಪನಿಗಳೇ?

ಉತ್ತರ: ಐಟಿಯು ಸಮ್ಮೇಳನದಲ್ಲಿ ಮತ ಹಾಕುವುದು ಸರ್ಕಾರಗಳು ಮಾತ್ರ. ಕಂಪನಿಗಳೂ ವಿಶ್ವವಿದ್ಯಾಲಯಗಳೂ ಒಕ್ಕೂಟದ ಕೆಲಸದಲ್ಲಿ ಸೇರಬಹುದು, ಆದರೆ ಅಲ್ಲಿ ಮತ ಇಲ್ಲ. ಸಾಮಾನ್ಯ ಜನರು ಮಾತಾಡಬಹುದಾದ ಜಾಗ ಇಂಟರ್‌ನೆಟ್ ಆಡಳಿತ ವೇದಿಕೆ. 2006ರಿಂದ ಪ್ರತಿ ವರ್ಷ ಸೇರುತ್ತದೆ, ಆನ್‌ಲೈನ್‌ನಲ್ಲೂ ಭಾಗವಹಿಸಬಹುದು. ಅಲ್ಲಿ ಗುರಿ ಇಡುವುದಿಲ್ಲ, ಚರ್ಚೆ ಮಾತ್ರ.

ಪ್ರಶ್ನೆ: ಇಂಟರ್‌ನೆಟ್ ದರ ಆದಾಯದ ಶೇ. 2ಕ್ಕಿಂತ ಕಡಿಮೆ ಇದ್ದರೆ ಅಗ್ಗ ಅನ್ನುತ್ತಾರೆ. ಬಡವರಿಗೆ ಇದು ಸರಿಹೊಂದುತ್ತದೆಯೇ?

ಉತ್ತರ: ತುಂಬ ಒಳ್ಳೆಯ ಪ್ರಶ್ನೆ. ಐಟಿಯು ಮತ್ತು ಯುನೆಸ್ಕೊ 2010ರಲ್ಲಿ ಹುಟ್ಟುಹಾಕಿದ ಬ್ರಾಡ್‌ಬ್ಯಾಂಡ್ ಆಯೋಗ ಮೊದಲು ಶೇ. 5ರ ಮಿತಿ ಇಟ್ಟಿತ್ತು. ಆಮೇಲೆ, 2025ಕ್ಕೆ ಎಂದು, ಅದನ್ನು ಶೇ. 2ಕ್ಕೆ ಇಳಿಸಿತು. ಲೆಕ್ಕ ಹಿಡಿಯುವುದು ದೇಶದ ತಲಾ ಆದಾಯದ ಮೇಲೆ. ತೊಡಕು ಇರುವುದು ಅಲ್ಲೇ.

ಹತ್ತೇ ಜನರ ಒಂದು ದೇಶ ಇದೆ ಅಂದುಕೊಳ್ಳಿ. ಒಂಬತ್ತು ಜನರ ತಿಂಗಳ ಆದಾಯ ತಲಾ 100. ಒಬ್ಬರದು 9,100. ಸರಾಸರಿ 1,000 ಆಗುತ್ತದೆ. ಅದರ ಶೇ. 2 ಅಂದರೆ 20. ದರ 20 ಇದ್ದರೆ ಆ ದೇಶ ಗುರಿ ಮುಟ್ಟಿದ ಹಾಗೆ. ಆದರೆ ಒಂಬತ್ತು ಜನರಿಗೆ ಅದು ಆದಾಯದ ಐದನೇ ಒಂದು ಪಾಲು! ಅವರು ಖಂಡಿತ ಕೊಳ್ಳುವುದಿಲ್ಲ.

2022ರಲ್ಲಿ ವಿಶ್ವಸಂಸ್ಥೆ ಮತ್ತು ಐಟಿಯು 2030ಕ್ಕೆ ಹೊಸ ಗುರಿ ಇಟ್ಟಾಗ ಇದಕ್ಕೊಂದು ಪರಿಹಾರ ಸೇರಿಸಿದವು. ಆದಾಯದಲ್ಲಿ ಕೆಳಗಿರುವ ಶೇ. 40 ಜನರ ಸರಾಸರಿ ಗಳಿಕೆಗೆ ಹೋಲಿಸಿದರೂ ದರ ಶೇ. 2 ಮೀರಬಾರದು. ಇಷ್ಟು ವರ್ಷ ಇದು ಯಾಕೆ ಇರಲಿಲ್ಲ ಅನ್ನಿಸುತ್ತದೆ. ಫೋನ್ ಕೊಳ್ಳುವ ಖರ್ಚು ಮಾತ್ರ ಈ ಶೇ. 2ರೊಳಗೆ ಬರುವುದಿಲ್ಲ, ನೆನಪಿಡಿ.

ಪ್ರಶ್ನೆ: ನಮ್ಮ ಶಾಲೆಗೆ ಸಂಪರ್ಕ ಇದೆ, ಆದರೆ ಒಂದು ತರಗತಿ ಕೂತರೆ ಪುಟವೇ ತೆರೆಯುವುದಿಲ್ಲ. ನಾವೂ 'ಸಂಪರ್ಕ ಇರುವ ಶಾಲೆ'ಯೇ? (ಒಬ್ಬ ಶಿಕ್ಷಕಿ)

ಉತ್ತರ: ಹಳೆಯ ಲೆಕ್ಕದಲ್ಲಿ ಹೌದು, ಮೇಡಂ. ಆ ಲೆಕ್ಕಕ್ಕೆ ವೇಗ ಬೇಕಿರಲಿಲ್ಲ, ತಂತಿ ಬಂದಿದ್ದರೆ ಸಾಕಿತ್ತು. 2022ರ ಗುರಿಗಳು ಶಾಲೆಗೆ ಕನಿಷ್ಠ ಸೆಕೆಂಡಿಗೆ 20 ಮೆಗಾಬಿಟ್ ಎಂದಿವೆ. ಪ್ರತಿ ವಿದ್ಯಾರ್ಥಿಗೆ ಇಷ್ಟು ಎಂಬ ಅಳತೆಯೂ ಇದೆ, ಸೆಕೆಂಡಿಗೆ 50 ಕಿಲೋಬಿಟ್.

ಜನರ ವಿಷಯದಲ್ಲೂ ಇದೇ ಕಥೆ. ಕಳೆದ ಮೂರು ತಿಂಗಳಲ್ಲಿ ಒಮ್ಮೆ ಇಂಟರ್‌ನೆಟ್ ಮುಟ್ಟಿದ್ದರೂ ಅಂಕಿಅಂಶದಲ್ಲಿ ಅವರು ಬಳಕೆದಾರರೇ. 2025ರ ಅಂದಾಜಿನಲ್ಲಿ ಸುಮಾರು 600 ಕೋಟಿ ಜನ ಬಳಸುತ್ತಾರೆ, ಸುಮಾರು 220 ಕೋಟಿ ಜನ ಹೊರಗಿದ್ದಾರೆ. ಆ 600 ಕೋಟಿಯಲ್ಲಿ ದಿನವಿಡೀ ಬಳಸುವವರೂ ಇದ್ದಾರೆ, ಯಾರದೋ ಫೋನಿನಲ್ಲಿ ಒಮ್ಮೆ ನೋಡಿದವರೂ ಇದ್ದಾರೆ.

ನೀವು ಒಂದು ಕೆಲಸ ಮಾಡಿ. ಒಂದು ವಾರ ತರಗತಿ ನಡೆಯುವ ಹೊತ್ತಿನಲ್ಲೇ ವೇಗ ಪರೀಕ್ಷಿಸಿ. ದಿನಾಂಕ, ಗಂಟೆ, ಆ ಹೊತ್ತಿಗೆ ಬಳಸುತ್ತಿದ್ದ ಮಕ್ಕಳ ಸಂಖ್ಯೆ, ಮೂರನ್ನೂ ಬರೆದಿಡಿ. ಶಾಲೆ ಖಾಲಿ ಇದ್ದಾಗ ಅಳೆದರೆ ಸುಳ್ಳು ಅಂಕಿ ಬರುತ್ತದೆ. ಆ ಪಟ್ಟಿಯ ಜೊತೆಗೆ 20 ಮತ್ತು 50ರ ಅಂಕಿಗಳನ್ನೂ ಬರೆದು ಶಿಕ್ಷಣ ಇಲಾಖೆಗೆ ಕಳಿಸಿ.